ಮುಚ್ಚಿಹೋದ ಕಂಪನಿಯ ಕಾರನ್ನು ಯಾಕೆ ಕೊಂಡೆ

ಊರಿಗೆ ಫೋನ್ ಮಾಡಿದಾಗ ಕಾರಿನ ಮಾತು ಬಂದರೆ ಸಾಕು, ಎಲ್ಲರದೂ ಒಂದೇ ಪ್ರಶ್ನೆ. "ಆ ಕಂಪನಿನೇ ಇಲ್ವಂತಲ್ಲ, ಸ್ಪೇರ್ ಎಲ್ಲಿಂದ ತರ್ತೀಯಾ?" ನ್ಯಾಯವಾದ ಪ್ರಶ್ನೆಯೇ. ನಾನು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಓಡಿಸುತ್ತಿರುವುದು 2007ರ ಸಾಬ್ 9-5 ಸೆಡಾನ್. 2.0 ಲೀಟರ್ ಟರ್ಬೊ, ಬಯೋಪವರ್ ಮಾಡೆಲ್, ಅಂದರೆ ಎಥೆನಾಲ್‌ನಲ್ಲೂ ಓಡುವಂಥದ್ದು. ಇದನ್ನು ತಯಾರಿಸಿದ ಸಾಬ್ ಆಟೊಮೊಬೈಲ್ 2011ರ ಡಿಸೆಂಬರ್ 19ರಂದು ದಿವಾಳಿ ಆಯಿತು. ಇಲ್ಲಿರುವ ನಮ್ಮ ಕನ್ನಡದ ಹುಡುಗರು, ಅದರಲ್ಲೂ ವೋಲ್ವೊದಲ್ಲಿ ಕೆಲಸ ಮಾಡುವವರು, ನನ್ನನ್ನು ನೋಡಿ ನಗುತ್ತಾರೆ. ನಗಲಿ ಬಿಡಿ.

ಆದರೆ ಈ ಕಾರು ಕೊಂಡ ಮೇಲೆ ನನ್ನ ತಲೆಯಲ್ಲಿ ಒಂದು ಮಾತು ಕೊರೆಯುತ್ತಲೇ ಇದೆ. ನಾವು ಹಳೇ ಗಾಡಿಯನ್ನು ಅಳೆಯುವುದು ಅದರ ವಯಸ್ಸಿನಿಂದ, ಮತ್ತೆ ಯಾರೋ ಹೇಳಿದ ಮಾತಿನಿಂದ. ಇಲ್ಲಿಯವರು ಅಳೆಯುವುದು ಅದರ ದಾಖಲೆಯಿಂದ. ಈ ಒಂದು ವ್ಯತ್ಯಾಸದಿಂದ ಎಷ್ಟೆಲ್ಲ ಬದಲಾಗುತ್ತದೆ ಅನ್ನುವುದು ಸ್ವಂತ ದುಡ್ಡು ಹಾಕುವವರೆಗೆ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಮೊದಲು ಕಂಪನಿಯ ಕಥೆ. ಬೆಂಗಳೂರಿನವರಿಗೆ ಸಾಬ್ ಅಂದರೆ ಯಲಹಂಕದ ಏರ್ ಶೋದಲ್ಲಿ ಹಾರಾಡಿದ ಗ್ರಿಪೆನ್ ಫೈಟರ್ ನೆನಪಾಗಬಹುದು. ಮೂಲ ಒಂದೇ. 1937ರಲ್ಲಿ ಸ್ವೀಡನ್ನಿನ ವಾಯುಪಡೆಗೆ ವಿಮಾನ ಕಟ್ಟಲು ಶುರುವಾದ ಕಂಪನಿ ಅದು. ಯುದ್ಧ ಮುಗಿಯುವ ಹೊತ್ತಿಗೆ ವಿಮಾನದ ಆರ್ಡರ್ ಕಡಿಮೆಯಾಗುತ್ತೆ ಅಂತ ಅವರಿಗೆ ಗೊತ್ತಾಯಿತು. ಇಷ್ಟು ದೊಡ್ಡ ಕಾರ್ಖಾನೆ, ಇಷ್ಟು ಜನ, ಏನು ಮಾಡೋದು? ಕಾರು ಮಾಡೋಣ ಅಂದರು. ನಮ್ಮ ಎಚ್‌ಎಎಲ್ ಕೂಡ ಯುದ್ಧ ಮುಗಿದ ಮೇಲೆ ರೈಲು ಬೋಗಿ ಕಟ್ಟಲು ಕೂತಿತ್ತಲ್ಲ, ಆ ವಿಭಾಗವೇ ಮುಂದೆ 1964ರಲ್ಲಿ ಬಿಇಎಂಎಲ್‌ಗೆ ಸೇರಿತು. ಅಂಥದ್ದೇ ಲೆಕ್ಕಾಚಾರ ಇದು.

ಗುನ್ನಾರ್ ಯುಂಗ್‌ಸ್ಟ್ರೋಮ್ ಅನ್ನುವ ಎಂಜಿನಿಯರ್ ಮತ್ತು ಸಿಕ್ಸ್ಟೆನ್ ಸಾಸೋನ್ ಅನ್ನುವ ವಿನ್ಯಾಸಗಾರ ಸೇರಿ ಮಾಡಿದ ಮೊದಲ ಮಾದರಿಯನ್ನು ನೋಡಿದರೆ ವಿಮಾನದ ರೆಕ್ಕೆಯನ್ನೇ ಕತ್ತರಿಸಿ ಕೆಳಗೆ ಚಕ್ರ ಸಿಕ್ಕಿಸಿದ್ದಾರೆ ಅನಿಸುತ್ತದೆ. ಅದರಿಂದ ಬಂದ ಸಾಬ್ 92 ಮಾರಾಟದ ಕಾರಾಗಿ ತಯಾರಾಗಲು ಶುರುವಾದದ್ದು 1949ರ ಕೊನೆಗೆ. 764 ಸಿಸಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್, 25 ಹಾರ್ಸ್‌ಪವರ್, ಮುಂದಿನ ಚಕ್ರಕ್ಕೆ ಶಕ್ತಿ. ಮೊದಮೊದಲು ಎಲ್ಲ ಕಾರಿಗೂ ಒಂದೇ ಹಸಿರು ಬಣ್ಣ. ಟೂ ಸ್ಟ್ರೋಕ್ ಅಂದರೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಯೆಜ್ಡಿ ಓಡಿಸಿದವರಿಗೆ ಬೇರೆ ಹೇಳಬೇಕಾಗಿಲ್ಲ. ಆ ಸದ್ದು, ಆ ನೀಲಿ ಹೊಗೆ, ಎಲ್ಲ ಅದೇ. ಮುಂದಿನ ಮಾಡೆಲ್‌ಗಳಲ್ಲಿ ಸಿಲಿಂಡರ್ ಮೂರಾಯಿತು. ಎರಿಕ್ ಕಾರ್ಲ್‌ಸನ್ ಅನ್ನುವ ದೊಡ್ಡ ದೇಹದ ಮನುಷ್ಯ ಈ ಪುಟ್ಟ ಎಂಜಿನ್ನಿನ ಸಾಬ್ 96 ಹತ್ತಿ ಬ್ರಿಟನ್ನಿನ ಆರ್‌ಎಸಿ ರ್‍ಯಾಲಿಯನ್ನು 1960ರಿಂದ ಸತತ ಮೂರು ವರ್ಷ ಗೆದ್ದ, 1962 ಮತ್ತು 63ರಲ್ಲಿ ಮಾಂಟೆ ಕಾರ್ಲೊ ರ್‍ಯಾಲಿಯನ್ನೂ ಗೆದ್ದ. ಕಾರನ್ನು ಪದೇ ಪದೇ ಪಲ್ಟಿ ಹೊಡೆಸುತ್ತಿದ್ದ ಅಂತ ಅವನಿಗೆ "ಛಾವಣಿ ಮೇಲಿನ ಕಾರ್ಲ್‌ಸನ್" ಅಂತ ಅಡ್ಡಹೆಸರು ಬೇರೆ.

ನನಗೆ ಇಷ್ಟವಾಗುವ ಭಾಗ ಟರ್ಬೊದ್ದು. ಟರ್ಬೊವನ್ನು ಸಾಬ್ ಕಂಡುಹಿಡಿಯಲಿಲ್ಲ. ಬಿಎಂಡಬ್ಲ್ಯು 1973ರಲ್ಲೇ ಟರ್ಬೊ ಕಾರು ತಂದಿತ್ತು, ಪೋರ್ಷೆ ಆಮೇಲೆ ತಂದಿತು. ಅವೆರಡೂ ರೇಸಿನ ಗುಣದ ಗಾಡಿಗಳು. ಕೆಳಗಿನ ಸ್ಪೀಡಲ್ಲಿ ಸುಮ್ಮನೆ ಇರುತ್ತವೆ, ಆಮೇಲೆ ಒಮ್ಮೆಲೇ ನುಗ್ಗುತ್ತವೆ. ಸಾಬ್‌ನವರ ಕಷ್ಟ ಬೇರೆ ಇತ್ತು. ಅವರ ಬಳಿ ಆರು ಸಿಲಿಂಡರ್ ಎಂಜಿನ್ ಇರಲಿಲ್ಲ, ಹೊಸದು ಮಾಡಲು ದುಡ್ಡೂ ಇರಲಿಲ್ಲ. ಇದ್ದ ನಾಲ್ಕು ಸಿಲಿಂಡರ್ ಎಂಜಿನ್ನಿನಿಂದಲೇ ಆರರ ಕೆಲಸ ತೆಗೆಯಬೇಕು. ಹೊರಗೆ ಹೋಗುವ ಬಿಸಿ ಹೊಗೆಯಿಂದ ಒಂದು ಸಣ್ಣ ಟರ್ಬೈನ್ ತಿರುಗಿಸಿ, ಅದರಿಂದ ಒಳಗೆ ಹೆಚ್ಚು ಗಾಳಿ ತುಂಬಿಸುವುದು, ಗಾಳಿ ಜಾಸ್ತಿ ಆದ ಮೇಲೆ ಪೆಟ್ರೋಲೂ ಜಾಸ್ತಿ ಉರಿಸಬಹುದು, ಇಷ್ಟೇ ಟರ್ಬೊದ ಗುಟ್ಟು. ಸಾಬ್‌ನ ಎಂಜಿನಿಯರ್ ಪೆರ್ ಜಿಲ್‌ಬ್ರಾಂಡ್ ಮತ್ತು ಅವನ ಜೊತೆಯವರು ಮಾಡಿದ ಜಾಣತನ ಏನೆಂದರೆ ಚಿಕ್ಕ ಟರ್ಬೊ ಹಾಕಿ, ಒತ್ತಡ ಮಿತಿ ಮೀರದ ಹಾಗೆ ಒಂದು ವಾಲ್ವ್ ಇಟ್ಟು, ದಿನಾ ಆಫೀಸಿಗೆ ಹೋಗುವ ಸ್ಪೀಡಲ್ಲೇ ಎಳೆತ ಸಿಗುವ ಹಾಗೆ ಮಾಡಿದ್ದು. 1977ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋದಲ್ಲಿ ತೋರಿಸಿದ ಸಾಬ್ 99 ಟರ್ಬೊ ಎರಡು ಲೀಟರಿನಲ್ಲಿ 145 ಹಾರ್ಸ್‌ಪವರ್ ಕೊಡುತ್ತಿತ್ತು. ಇವತ್ತು ಬೆಂಗಳೂರಲ್ಲಿ ಒಂದು ಲೀಟರಿನ ಪುಟ್ಟ ಟರ್ಬೊ ಕಾರನ್ನು ಹೊರವರ್ತುಲ ರಸ್ತೆಯ ಟ್ರಾಫಿಕ್ಕಲ್ಲಿ ಓಡಿಸುತ್ತೀರಲ್ಲ, ಆ ದಾರಿ ಅಗಲವಾಗಿದ್ದು ಇಲ್ಲಿಂದಲೇ ಅಂತ ನನ್ನ ಅಭಿಪ್ರಾಯ.

ಟರ್ಬೊ ಎಂಜಿನ್ನಿಗೆ ಒಂದು ದೊಡ್ಡ ಭಯ ಇದೆ, ನಾಕಿಂಗ್. ಒತ್ತಡ ಹೆಚ್ಚಾದಾಗ ಪೆಟ್ರೋಲ್ ತಾನಾಗೇ ಸಿಡಿಯಲು ಶುರುವಾಗುತ್ತದೆ, ಹಾಗೇ ಬಿಟ್ಟರೆ ಪಿಸ್ಟನ್ ಕಥೆ ಮುಗಿಯಿತು. ಎಂಬತ್ತರ ದಶಕದಲ್ಲೇ ಸಾಬ್ ಎಂಜಿನ್ನಿಗೆ ಒಂದು ಕಿವಿ ಇಟ್ಟಿತು. ನಾಕಿಂಗ್ ಸದ್ದು ಕೇಳಿಸಿದ ಕೂಡಲೇ ಟರ್ಬೊ ಒತ್ತಡವನ್ನು ತಾನೇ ಇಳಿಸುವ ವ್ಯವಸ್ಥೆ. ತೊಂಬತ್ತರ ದಶಕದಲ್ಲಿ ಟ್ರಯೋನಿಕ್ ಅನ್ನುವ ಎಂಜಿನ್ ಕಂಪ್ಯೂಟರ್ ಬಂದ ಮೇಲೆ ಪ್ರತ್ಯೇಕ ಕಿವಿಯೂ ಬೇಡವಾಯಿತು. ಕಿಡಿ ಹಾರಿದ ಮೇಲೆ ಅದೇ ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಸಣ್ಣ ಕರೆಂಟ್ ಹರಿಸಿ, ಒಳಗೆ ಬೆಂಕಿ ಹೇಗೆ ಉರಿಯಿತು ಅಂತ ನೋಡುತ್ತಾರೆ. ಅದಕ್ಕೇ ಈ ಕಾರಿಗೆ ಸಿಕ್ಕಸಿಕ್ಕ ಪ್ಲಗ್ ಹಾಕಬಾರದು.

ನನ್ನ ಕಾರಿನ ಬಯೋಪವರ್ ಇದರದ್ದೇ ಮುಂದಿನ ಹೆಜ್ಜೆ. ಶೇಕಡಾ 85ರವರೆಗೆ ಎಥೆನಾಲ್ ಇರುವ ಇ85 ಹಾಕಬಹುದು. ಎಥೆನಾಲ್‌ಗೆ ನಾಕಿಂಗ್ ಕಡಿಮೆ. ಅದು ಎಂಜಿನ್ನಿಗೇ ಗೊತ್ತಾಗಿ ಟರ್ಬೊ ಒತ್ತಡ ಏರಿಸಿಕೊಳ್ಳುತ್ತದೆ. ಪೆಟ್ರೋಲಿನಲ್ಲಿ 150 ಹಾರ್ಸ್‌ಪವರ್, ಇ85ರಲ್ಲಿ 180. ಮೈಲೇಜ್ ಮಾತ್ರ ಬೀಳುತ್ತೆ, ಅದನ್ನು ಮುಚ್ಚಿಡೋದು ಬೇಡ. 2006ರಲ್ಲಿ ಸ್ವೀಡನ್ ಒಂದು ಕಾನೂನು ತಂದು ದೊಡ್ಡ ಬಂಕುಗಳೆಲ್ಲ ಒಂದಾದರೂ ಪರಿಸರಕ್ಕೆ ಒಳ್ಳೆಯ ಇಂಧನ ಇಡಲೇಬೇಕು ಅಂದಿತು, ಮರುವರ್ಷ ಇಂಥ ಕಾರು ಕೊಂಡವರಿಗೆ 10,000 ಕ್ರೋನಾ ಸಹಾಯಧನ ಕೊಟ್ಟಿತು. ಜನ ಮುಗಿಬಿದ್ದು ಕೊಂಡರು.

ಇಲ್ಲಿ ನನಗೆ ಊರಿನ ಇ20 ಗಲಾಟೆ, ಅಂದರೆ ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲಿನ ಗಲಾಟೆ, ನೆನಪಾಗುತ್ತದೆ. ಎಥೆನಾಲ್ ನನಗೆ ಬೇಡವಾದದ್ದೇನಲ್ಲ. ಮಂಡ್ಯ, ಬೆಳಗಾವಿ ಕಡೆ ಕಬ್ಬು ಬೆಳೆಯುವವರಿಗೆ ಅದರಿಂದ ನಾಲ್ಕು ಕಾಸು ಬಂದರೆ ಒಳ್ಳೇದೇ. ಆದರೆ ಇಲ್ಲಿ ಇ85ಕ್ಕೆ ಬೇರೆ ಪಂಪು, ಬೇರೆ ಬೆಲೆ. ಪಕ್ಕದಲ್ಲೇ ಮಾಮೂಲಿ ಪೆಟ್ರೋಲ್. ಹಾಕೋದು ಬಿಡೋದು ನಿಮ್ಮ ಇಷ್ಟ. ನಮ್ಮಲ್ಲಿ ಹಾಗಲ್ಲ, ಬಂಕಿಗೆ ಹೋದರೆ ಇ20, ಅಷ್ಟೇ. ಹತ್ತು ಹದಿನೈದು ವರ್ಷದ ಹಿಂದಿನ ಗಾಡಿ ಇಟ್ಟುಕೊಂಡವನು ನನ್ನ ರಬ್ಬರ್ ಪೈಪಿನ ಗತಿ ಏನು ಅಂತ ಕೇಳಿದರೆ, ಹೊಸ ಗಾಡಿ ತಗೋ ಅನ್ನುವ ಧಾಟಿಯ ಉತ್ತರ. ಹಳೇ ಗಾಡಿಯವನನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಈ ಧೋರಣೆ ನನಗೆ ಹಿಡಿಸುವುದಿಲ್ಲ.

ವಯಸ್ಸಿನ ಲೆಕ್ಕವೂ ಹಾಗೇ. ದೆಹಲಿಯಲ್ಲಿ ಡೀಸೆಲ್‌ಗೆ ಹತ್ತು ವರ್ಷ, ಪೆಟ್ರೋಲ್‌ಗೆ ಹದಿನೈದು ವರ್ಷ ಅಂತ ಗೆರೆ ಎಳೆದದ್ದು ನೋಡಿದ್ದೇವೆ. ಕರ್ನಾಟಕದಲ್ಲಿ ಅಷ್ಟು ಕಠಿಣ ಇಲ್ಲ ನಿಜ, ಆದರೆ ಸ್ವಂತದ ಕಾರನ್ನು ಆರ್‌ಟಿಒ ಕಣ್ಣೆತ್ತಿ ನೋಡುವುದು ಹದಿನೈದು ವರ್ಷ ತುಂಬಿದ ಮೇಲೇ. ಅಲ್ಲಿಯವರೆಗೆ ಹೊಗೆ ಸರ್ಟಿಫಿಕೇಟ್ ಒಂದಿದ್ದರೆ ಆಯಿತು, ಅದು ಹೇಗೆ ಸಿಗುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಸ್ವೀಡನ್ನಿನಲ್ಲಿ ಹೊಸ ಕಾರಿಗೆ ಮೂರು ವರ್ಷದೊಳಗೆ ಮೊದಲ ತಪಾಸಣೆ, ಅದಾಗಿ ಎರಡು ವರ್ಷದೊಳಗೆ ಇನ್ನೊಂದು, ಆಮೇಲೆ 14 ತಿಂಗಳಿಗೊಮ್ಮೆ. ಗುಂಡಿಯ ಮೇಲೆ ನಿಲ್ಲಿಸಿ ಅಡಿಯಲ್ಲಿ ತುಕ್ಕು ತಟ್ಟಿ ನೋಡುತ್ತಾರೆ, ರೋಲರ್ ಮೇಲೆ ಒಂದೊಂದು ಚಕ್ರದ ಬ್ರೇಕ್ ಅಳೆಯುತ್ತಾರೆ. ಫೇಲ್ ಆದರೆ ರಿಪೇರಿ ಮಾಡಿಸಿ ಮತ್ತೆ ತೋರಿಸಬೇಕು, ತೋರಿಸದಿದ್ದರೆ ಗಾಡಿ ರಸ್ತೆಗೆ ಇಳಿಸುವ ಹಾಗಿಲ್ಲ. ಪಾಸ್ ಆಯಿತಾ, ಐದು ವರ್ಷದ್ದಾಗಲಿ ಮೂವತ್ತೈದು ವರ್ಷದ್ದಾಗಲಿ, ಆರಾಮಾಗಿ ಓಡಿಸಿ. ಮೂವತ್ತು ದಾಟಿದರೆ ತೆರಿಗೆಯೂ ಇಲ್ಲ. ಚಳಿಗಾಲದಲ್ಲಿ ಗಾಡಿ ತೆಗೆಯೋದಿಲ್ಲ ಅಂದರೆ ಆನ್‌ಲೈನ್‌ನಲ್ಲಿ ತಿಳಿಸಿ ನಿಲ್ಲಿಸಿಬಿಡಬಹುದು, ಅಷ್ಟು ತಿಂಗಳ ತೆರಿಗೆ ಉಳಿಯಿತು. ನಾವೋ ಹೊಸ ಗಾಡಿಗೆ ಜೀವಮಾನದ ತೆರಿಗೆ ಒಟ್ಟಿಗೇ ಕಟ್ಟುತ್ತೇವೆ, ಹೈದರಾಬಾದಿಗೋ ಪುಣೆಗೋ ವರ್ಗ ಆದರೆ ಅಲ್ಲಿ ಮತ್ತೆ ಕಟ್ಟುತ್ತೇವೆ.

ತಪಾಸಣೆಗೆ ಹೋದಾಗಲೆಲ್ಲ ಮೀಟರ್ ಓದಿ ಬರೆದುಕೊಳ್ಳುತ್ತಾರೆ. ನಂಬರ್ ಪ್ಲೇಟ್ ಹಾಕಿದರೆ ಆ ದಾಖಲೆ ಯಾರಿಗಾದರೂ ಸಿಗುತ್ತದೆ. ನನ್ನ ಕಾರು ಎರಡು ಲಕ್ಷ ಕಿಲೋಮೀಟರ್ ದಾಟಿದ್ದು, ಆದರೂ ನಾನು ಹೆದರದೆ ಕೊಂಡೆ, ಯಾಕೆಂದರೆ ಅಷ್ಟೂ ಕಿಲೋಮೀಟರ್ ಮೆಟ್ಟಿಲು ಮೆಟ್ಟಿಲಾಗಿ ಬರೆದಿಟ್ಟಿತ್ತು. ಬೆಂಗಳೂರಲ್ಲಿ ನಮ್ಮ ಬಂಧುಗಳೊಬ್ಬರು ಕೊಂಡ ಸೆಕೆಂಡ್ ಹ್ಯಾಂಡ್ ಕಾರಿನ ಮೀಟರ್ ನಲವತ್ತು ಸಾವಿರದ ಆಸುಪಾಸು ತೋರಿಸುತ್ತಿತ್ತು, ಕ್ಲಚ್ ಪೆಡಲ್ಲಿನ ರಬ್ಬರ್ ನೋಡಿದರೆ ಅದರ ಮೂರರಷ್ಟು ಓಡಿದ ಹಾಗಿತ್ತು. ಮಾರಿದವನನ್ನು ಕೇಳಿದರೆ "ಸಾರ್, ಡಾಕ್ಟರ್ ಗಾಡಿ ಸಾರ್" ಅಂದ. ನಮ್ಮೂರಿನ ಎಲ್ಲ ಸೆಕೆಂಡ್ ಹ್ಯಾಂಡ್ ಗಾಡಿಗಳೂ ಡಾಕ್ಟರದ್ದೇ ಯಾಕಿರುತ್ತವೆ ಅನ್ನುವುದು ಬೇರೆ ವಿಚಾರ. ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ಇನ್ಶೂರೆನ್ಸ್ ಯಾವಾಗ ಮುಗಿಯುತ್ತೆ ಅಂತ ಸಿಗುತ್ತದೆ. ಗಾಡಿ ಎಷ್ಟು ಓಡಿದೆ ಅಂತ ಸಿಗುವುದಿಲ್ಲ. ಒಂದು ಕಾಲಂ ಸೇರಿಸಿದರೆ ಸಾಕಿತ್ತಲ್ವಾ?

ಈಗ ಆ ಸ್ಪೇರ್ ಪ್ರಶ್ನೆಗೆ ಬರುತ್ತೇನೆ. ಜನರಲ್ ಮೋಟಾರ್ಸ್ 1990ರ ಹೊತ್ತಿಗೆ ಸಾಬ್ ಕಾರು ಕಂಪನಿಯ ಅರ್ಧ ಪಾಲು ತೆಗೆದುಕೊಂಡಿತು, 2000ದಲ್ಲಿ ಪೂರ್ತಿ. ತನ್ನದೇ ಜರ್ಮನ್ ಕಂಪನಿ ಓಪೆಲ್‌ನ ಅಡಿಪಾಯ ಕೊಟ್ಟು ಇದರ ಮೇಲೆ ಕಟ್ಟಿ ಅಂದಿತು. ಅಮೆರಿಕದಲ್ಲಿ ಸುಬಾರು ಕಾರಿಗೂ ಶೆವರ್ಲೆ ಜೀಪಿಗೂ ಸಾಬ್ ಮುಖ ಅಂಟಿಸಿ ಮಾರಿತು. ವರ್ಷಕ್ಕೆ ಒಂದೂವರೆ ಲಕ್ಷ ಕಾರನ್ನೂ ಎಂದೂ ಮಾರದ ಕಂಪನಿ ಅದು. ಹಾಗಿದ್ದೂ ಅದರ ಎಂಜಿನಿಯರುಗಳು ಕೊಟ್ಟದ್ದನ್ನು ಕೊಟ್ಟ ಹಾಗೆ ಬಳಸಲು ಒಪ್ಪುತ್ತಿರಲಿಲ್ಲ. ನಷ್ಟ ಆಗದೆ ಇನ್ನೇನು. 2010ರಲ್ಲಿ ಡಚ್ ಕಂಪನಿ ಸ್ಪೈಕರ್ ಕೊಂಡಿತು, ಮರುವರ್ಷವೇ ಸಂಬಳ ಕೊಡಲು ದುಡ್ಡಿಲ್ಲ. ಚೀನಾದವರು ಕೊಳ್ಳಲು ಬಂದರೆ ಜನರಲ್ ಮೋಟಾರ್ಸ್ ತನ್ನ ತಂತ್ರಜ್ಞಾನ ಕೊಡಲ್ಲ ಅಂತ ಅಡ್ಡ ನಿಂತಿತು.

ಆದರೆ ಬಿಡಿಭಾಗಗಳ ಕಂಪನಿ ಬೇರೆಯೇ ಇತ್ತು. ಸಾಬ್ ತೆಗೆದುಕೊಂಡ ಸಾಲಕ್ಕೆ ಸರ್ಕಾರ ಜಾಮೀನು ನಿಂತಾಗ ಆ ಬಿಡಿಭಾಗಗಳ ಕಂಪನಿಯನ್ನೇ ಅಡ ಇಟ್ಟುಕೊಂಡಿತ್ತು. ಸಾಬ್ ಮುಳುಗಿದ ಮೇಲೆ ಅದು ಸರ್ಕಾರದ ಕೈಗೆ ಬಂತು, ಓರಿಯೋ ಅಂತ ಹೆಸರು ಬದಲಾಯಿತು, ಸ್ಪೇರ್ ಮಾರುವುದು ಮುಂದುವರಿಯಿತು. ಇನ್ನು ಕಾರ್ಖಾನೆಯ ಊರು ಟ್ರೋಲ್‌ಹೆಟ್ಟಾನ್. ಅಲ್ಲಿನ ಸಾಬ್ ಮ್ಯೂಸಿಯಮ್ಮಿನ ಕಾರುಗಳೂ ಸಾಲ ತೀರಿಸಲು ಹರಾಜಿಗೆ ಬಂದಿದ್ದವು. 2012ರ ಜನವರಿಯಲ್ಲಿ ಆ ಊರಿನ ಪುರಸಭೆ, ಬೇರೆಯಾಗಿ ಉಳಿದಿದ್ದ ವಿಮಾನದ ಸಾಬ್ ಕಂಪನಿ, ವಾಲೆನ್‌ಬರ್ಗ್ ಮನೆತನದ ಫೌಂಡೇಶನ್ ಮೂರೂ ಸೇರಿ ಇಡೀ ಸಂಗ್ರಹ ಕೊಂಡವು. ಆ ಮೊದಲ ರೆಕ್ಕೆ ಆಕಾರದ ಕಾರು ಇವತ್ತೂ ಅಲ್ಲೇ ಇದೆ. ಗೋಥೆನ್‌ಬರ್ಗ್‌ನಿಂದ ಒಂದು ಗಂಟೆ ದಾರಿ. ಈ ಕಡೆ ಬಂದರೆ ನೋಡಿ.

ಇದನ್ನೆಲ್ಲ ನೋಡುವಾಗ ಮೈಸೂರಿನ ಐಡಿಯಲ್ ಜಾವಾ ನೆನಪಾಗದೆ ಇರುತ್ತಾ? 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದ ಬೈಕ್ ಕಾರ್ಖಾನೆ, 1996ಕ್ಕೆ ಮುಚ್ಚಿತು. ಜಾವಾ, ಯೆಜ್ಡಿ ಎರಡಕ್ಕೂ ಇವತ್ತಿಗೂ ಪ್ರಾಣ ಬಿಡುವ ಜನ ಇದ್ದಾರೆ, ಪ್ರತಿ ಜುಲೈ ಎರಡನೇ ಭಾನುವಾರ ಬೆಂಗಳೂರು, ಮೈಸೂರಲ್ಲಿ ಹಳೇ ಗಾಡಿಗಳನ್ನು ಹೊರತೆಗೆದು ಮೆರವಣಿಗೆ ಹೊರಡುತ್ತಾರೆ. ಆ ಗಾಡಿಗಳು ಉಳಿದದ್ದು ಯಾರಿಂದ? ಮೆಕ್ಯಾನಿಕ್‌ಗಳಿಂದ. ಸದ್ದು ಕೇಳಿಯೇ ಪಾಯಿಂಟ್ ಹೋಗಿದೆ, ಕಾರ್ಬುರೇಟರ್ ಕಟ್ಟಿದೆ ಅಂತ ಹೇಳುವ ಕೈಗಳು. ಅವರ ಮೇಲೆ ನನಗೆ ಅಪಾರ ಗೌರವ. ಆದರೆ ಅದನ್ನು ತೋರಿಸಿ ನಮ್ಮದೇ ವಾಸಿ ಅನ್ನುವವರ ಮಾತು ನಾನು ಒಪ್ಪಲಾರೆ. ಆ ಮೆಕ್ಯಾನಿಕ್‌ಗೆ ವಯಸ್ಸಾಗುತ್ತೆ, ಮಗ ಬೇರೆ ಕೆಲಸ ಹಿಡಿಯುತ್ತಾನೆ. ಅವನಿಗೆ ಗೊತ್ತಿದ್ದದ್ದು ಎಲ್ಲೂ ಬರೆದಿಲ್ಲ. ಮೈಸೂರಿನಲ್ಲಿ ಊರೇ ಮುಂದೆ ನಿಂತು ಆ ಕಾರ್ಖಾನೆಯ ನೆನಪಿಗೆ ಟ್ರೋಲ್‌ಹೆಟ್ಟಾನ್ ಮಾಡಿದ ಹಾಗೆ ಏನಾದರೂ ಮಾಡಬಹುದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಹಾಗಂತ ಇಲ್ಲಿ ಎಲ್ಲ ಸುಖ ಅಂತಲ್ಲ. ಗ್ಯಾರೇಜಿನ ಒಂದು ಗಂಟೆಯ ಕೂಲಿ ಕೇಳಿದರೆ ತಲೆ ತಿರುಗುತ್ತೆ. ಭಾನುವಾರ ಗಾಡಿ ನಿಂತರೆ ಸೋಮವಾರದವರೆಗೆ ಕಾಯಿರಿ. ಸಣ್ಣ ಬುಷ್ ಹೋದರೂ ಇಡೀ ಭಾಗವನ್ನೇ ಬದಲಿಸುವ ಚಟ ಬೇರೆ. ಅದಕ್ಕೇ ಇಲ್ಲಿನ ಹಳೇ ಸಾಬ್ ಪ್ರಿಯರು ಮನೆಯ ಗ್ಯಾರೇಜಿನಲ್ಲೇ ಕೈ ಮಸಿ ಮಾಡಿಕೊಳ್ಳುತ್ತಾರೆ. ನಾನೂ ಕಲಿಯುತ್ತಿದ್ದೇನೆ.

ಸ್ವೀಡನ್ನಿಗೆ ಹೊಸದಾಗಿ ಬಂದ ಕನ್ನಡಿಗರು ಯಾರಾದರೂ 9-5 ನೋಡುತ್ತಿದ್ದರೆ ಇಷ್ಟು ಗಮನಿಸಿ. 2003ರವರೆಗಿನದ್ದಾದರೆ ಹುಷಾರು, ಆ ಎಂಜಿನ್‌ಗಳಲ್ಲಿ ಆಯಿಲ್ ಗಟ್ಟಿಯಾಗಿ ಕೆಸರಾಗುವ ತೊಂದರೆ ಇತ್ತು, ಕೆಳಗಿನ ಆಯಿಲ್ ಸಂಪ್ ಬಿಚ್ಚಿ ಜಾಲರಿ ತೊಳೆದಿದ್ದಾರಾ, ಎಂಜಿನ್ನಿನ ಆವಿ ಹೋಗುವ ಪೈಪುಗಳ ಹೊಸ ಕಿಟ್ ಹಾಕಿದ್ದಾರಾ ಕೇಳಿ. 2004ರಿಂದ ಈಚೆಗೆ ಅದು ಬಹಳ ಮಟ್ಟಿಗೆ ಸರಿಹೋಗಿದೆ. ಸಿಂಥೆಟಿಕ್ ಆಯಿಲ್ಲೇ ಹಾಕಬೇಕು, ಬದಲಾಯಿಸಲು ಸೋಮಾರಿತನ ಬೇಡ. ಕೀ ಹಾಕುವ ಜಾಗ ಸ್ಟೀರಿಂಗ್ ಹತ್ತಿರ ಹುಡುಕಬೇಡಿ, ಎರಡು ಸೀಟಿನ ನಡುವೆ ಇರುತ್ತೆ. ನಾಲ್ಕು ಪ್ಲಗ್ಗಿಗೂ ಸೇರಿ ಕಿಡಿ ಕೊಡುವ ಒಂದೇ ಇಗ್ನಿಷನ್ ಕ್ಯಾಸೆಟ್ ಇದೆ, ಅದು ಹೋದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಮಾರುವವನಿಗೆ ಡಿಕ್ಕಿ ತೆಗೆಯಲು ಹೇಳಿ. ಸ್ಟೆಪ್ನಿ ಪಕ್ಕದಲ್ಲಿ ಒಂದು ಎಕ್ಸ್‌ಟ್ರಾ ಕ್ಯಾಸೆಟ್ ಇಟ್ಟುಕೊಂಡಿದ್ದರೆ ಅವನಿಗೆ ಗಾಡಿ ಗೊತ್ತು ಅಂತ ಲೆಕ್ಕ. ಆಮೇಲೆ ಬೆಲೆ ಮಾತಾಡಿ, ಕ್ಯಾಸೆಟ್ಟೂ ಸೇರಿಸಿ ಕೊಡು ಅನ್ನಿ.