ಇಲ್ಲಿ ಇಣುಕುತ್ತಾರೆ, ಅಲ್ಲಿ ಕೂಗುತ್ತಾರೆ

ಹೋದ ವರ್ಷ ನಮ್ಮ ಮನೆಗೆ ಒಂದು ಲಕೋಟೆ ಬಂತು. ಬಿಳಿ ಲಕೋಟೆ, ಮೂಲೆಯಲ್ಲಿ ಒಂದು ಪೋಸ್ಟ್ ಬಾಕ್ಸ್ ನಂಬರು, ಅಷ್ಟೇ. ಯಾರು ಕಳಿಸಿದ್ದು, ಯಾಕೆ ಕಳಿಸಿದ್ದು ಅಂತ ಹೊರಗಿನಿಂದ ಏನೂ ಗೊತ್ತಾಗುವಂತಿರಲಿಲ್ಲ. ಯಾವುದೋ ಜಾಹೀರಾತು ಎಂದು ಹರಿದು ಬಿಸಾಡುವವನಿದ್ದೆ. ತೆರೆದು ನೋಡಿದರೆ ಹಳೇ ರಕ್ತಪರೀಕ್ಷೆಯ ಬಿಲ್ಲು, 212 ಡಾಲರ್. ಇನ್ಶೂರೆನ್ಸಿನವರು ಕಟ್ಟಿರುತ್ತಾರೆ ಅಂದುಕೊಂಡು ನಾನು ಮರೆತೇಬಿಟ್ಟಿದ್ದೆ. ಲ್ಯಾಬಿನವರು ಅದನ್ನು ಸಾಲ ವಸೂಲಿ ಏಜೆನ್ಸಿಗೆ ಒಪ್ಪಿಸಿದ್ದರು.

ಬಿಲ್ಲಿಗಿಂತ ಜಾಸ್ತಿ ತಲೆ ಕೊರೆದದ್ದು ಲಕೋಟೆಯ ಮೇಲಿದ್ದ ವಿಳಾಸ. ಪರೀಕ್ಷೆ ಮಾಡಿಸಿದಾಗ ನಾವು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಬಾಡಿಗೆಗಿದ್ದೆವು. ಫ್ರೀಮಾಂಟ್‌ಗೆ ಬಂದು ಐದೇ ತಿಂಗಳಾಗಿತ್ತು. ಹೊಸ ವಿಳಾಸವನ್ನು ಲ್ಯಾಬಿಗೆ ಕೊಟ್ಟೇ ಇರಲಿಲ್ಲ. ಇವರಿಗೆ ಹೇಗೆ ಸಿಕ್ತು?

ರಾತ್ರಿ ಊಟ ಮುಗಿಸಿ ನನ್ನ ಕ್ರೆಡಿಟ್ ರಿಪೋರ್ಟ್, ಅಂದರೆ ನನ್ನ ಸಾಲ, ಕಂತುಗಳ ದಾಖಲೆ, ತೆಗೆದೆ. ಅಮೆರಿಕದಲ್ಲಿ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಕಂಪನಿಗಳು ಈ ಲೆಕ್ಕ ಇಡುತ್ತವೆ. ನಮ್ಮ ನಮ್ಮ ರಿಪೋರ್ಟನ್ನು ವಾರಕ್ಕೊಮ್ಮೆ ಪುಕ್ಕಟೆ ನೋಡಬಹುದು. ನನ್ನ ಹೆಸರನ್ನು ಮೂರು ಥರ ಬರೆದಿದ್ದರು, ಮೂರೂ ತಪ್ಪು. ಈ ದೇಶಕ್ಕೆ ಬಂದಿಳಿದಾಗಿನ ಮೊದಲ ಅಪಾರ್ಟ್‌ಮೆಂಟಿನಿಂದ ಈಗಿನ ಮನೆಯವರೆಗೆ ಎಲ್ಲ ವಿಳಾಸ ಇತ್ತು. ಹಳೇ ಕಂಪನಿ, ಕಾರಿನ ಸಾಲ, ಯಾವ ತಿಂಗಳ ಕಂತು ಕಟ್ಟಿದೆ, ಎಲ್ಲ ಇತ್ತು. ಕೊನೆಯಲ್ಲಿ, ಇದನ್ನು ಯಾರ್ಯಾರು ನೋಡಿದ್ದಾರೆ ಎಂಬ ಪಟ್ಟಿ. ಅಲ್ಲಿ ಸಿಕ್ಕಿತು ಆ ಏಜೆನ್ಸಿಯ ಹೆಸರು. ಪತ್ರ ಬರುವ ಎಂಟು ದಿನ ಮೊದಲೇ ನೋಡಿಕೊಂಡು ಹೋಗಿದ್ದರು.

ನನ್ನನ್ನು ಕೇಳದೆ ನೋಡಬಹುದಾ? ನೋಡಬಹುದು. 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆಕ್ಟ್ ಪ್ರಕಾರ ಬಾಕಿ ವಸೂಲಿಯೂ ರಿಪೋರ್ಟ್ ತರಿಸಲು ಒಂದು ಒಪ್ಪಿತ ಕಾರಣ. ನಮ್ಮ ಸಹಿ ಬೇಡ, ಅನುಮತಿ ಬೇಡ. ಕಳ್ಳರ ಭಯಕ್ಕೆ ನಾನು ರಿಪೋರ್ಟನ್ನು ‘ಫ್ರೀಜ್’ ಮಾಡಿಸಿಟ್ಟಿದ್ದೆ. ಹಾಗೆ ಮಾಡಿದರೆ ನಮ್ಮ ಹೆಸರಲ್ಲಿ ಬೇರೆಯವರು ಹೊಸ ಸಾಲ ಎತ್ತುವುದು ಕಷ್ಟ. ಆದರೆ ಇರುವ ಬಾಕಿಯನ್ನು ವಸೂಲಿ ಮಾಡುವವರಿಗೆ ಆ ಫ್ರೀಜ್ ಅಡ್ಡ ಬರುವುದಿಲ್ಲ. ಮನೆಗೆ ಬೀಗ ಜಡಿದು ಕೀಲಿಕೈಯನ್ನು ವಸೂಲಿಯವನ ಕೈಗೇ ಕೊಟ್ಟ ಹಾಗಾಯಿತು.

ಇದಕ್ಕೂ ಒಂದು ಎಲ್ಲೆ ಇದೆ, ಅದು ಗೊತ್ತಾಗಿದ್ದು ನಮ್ಮ ಪಕ್ಕದ ಊರಿನದೇ ಒಂದು ಕೇಸಿನಿಂದ. 2002ರಲ್ಲಿ ಸ್ಯಾನ್ ಬ್ರೂನೊದಲ್ಲಿ ಒಬ್ಬ ಮಹಿಳೆಯ ಕಾರು ರಸ್ತೆ ಬದಿ ನಿಂತಿತ್ತು. ರಿಜಿಸ್ಟ್ರೇಷನ್ ಮುಗಿದಿದೆ ಎಂದು ಪೊಲೀಸರು ಎಳೆಸಿಕೊಂಡು ಹೋದರು. ಆಕೆ ಬಿಡಿಸಿಕೊಳ್ಳಲಿಲ್ಲ. ಎಳೆದುಕೊಂಡು ಹೋದ ಕಂಪನಿ ಕಾರನ್ನು ಮಾರಿತು, ಎಳೆದ ಖರ್ಚಿಗೆ ಸಾಲದೆ ಉಳಿದ ಹಣಕ್ಕೆ ವಸೂಲಿಯವರನ್ನು ಬಿಟ್ಟಿತು. ಅವರು ಆಕೆಯ ರಿಪೋರ್ಟ್ ತೆಗೆಸಿದರು. ಕಾರು ಎಳೆಯಿರಿ ಅಂತ ಆಕೆ ಹೇಳಿರಲಿಲ್ಲ, ಸಾಲವನ್ನೂ ಕೇಳಿರಲಿಲ್ಲ, ಹಾಗಿರುವಾಗ ರಿಪೋರ್ಟ್ ನೋಡುವ ಹಕ್ಕು ನಿಮಗೆಲ್ಲಿಂದ ಬಂತು ಎಂದಿತು ಇಲ್ಲಿನ ಮೇಲ್ಮನವಿ ಕೋರ್ಟು. ತೀರ್ಪು ಗಟ್ಟಿಯಾಗಿ ನಿಂತಾಗ 2010. ನನ್ನ ವಿಷಯದಲ್ಲಿ ಆ ವಾದ ನಿಲ್ಲುವುದು ಕಷ್ಟ. ನಾನೇ ನಡೆದುಕೊಂಡು ಹೋಗಿ ರಕ್ತ ಕೊಟ್ಟು ಬಂದವನು.

ಇಷ್ಟಾದ ಮೇಲೂ ಆ ಬಿಳಿ ಲಕೋಟೆಯ ಬಗ್ಗೆ ನನಗೊಂದು ಗೌರವ ಇದೆ. ಅದು ಸುಮ್ನೆ ಬಿಳಿ ಇದ್ದದ್ದಲ್ಲ. ವಸೂಲಿಯ ಪತ್ರ ಅಂತ ಲಕೋಟೆಯ ಮೇಲೆ ಗೊತ್ತಾಗಬಾರದು ಎಂದು 1977ರ ಕಾನೂನು ಹೇಳುತ್ತದೆ. ಪೋಸ್ಟ್‌ಕಾರ್ಡ್ ಬರೆಯುವಂತಿಲ್ಲ. ನಾವೆಲ್ಲಿದ್ದೇವೆ ಎಂದು ತಿಳಿಯಲು ಪಕ್ಕದ ಮನೆಗೆ ಫೋನ್ ಮಾಡಬಹುದು, ಆದರೆ ಸಾಲದ ಮಾತೆತ್ತುವಂತಿಲ್ಲ. 2021ರ ಕೊನೆಗೆ ಬಂದ ನಿಯಮದ ಪ್ರಕಾರ ಒಂದು ಬಾಕಿಗೆ ವಾರಕ್ಕೆ ಏಳಕ್ಕಿಂತ ಹೆಚ್ಚು ಸಲ ಫೋನ್ ಮಾಡಿದರೆ ಅದು ಕಾಟ ಕೊಟ್ಟಂತೆಯೇ. ಎಲ್ಲಕ್ಕಿಂತ ದೊಡ್ಡದು, ‘ಪುರಾವೆ ತೋರಿಸು’ ಅನ್ನುವ ಹಕ್ಕು. ಅವರ ನೋಟಿಸು ಸಿಕ್ಕ 30 ದಿನದೊಳಗೆ ಈ ಬಾಕಿ ನನ್ನದಲ್ಲ ಎಂದು ಬರೆದು ಕಳಿಸಿದರೆ, ಪುರಾವೆ ಕೊಡುವ ತನಕ ಅವರು ವಸೂಲಿ ನಿಲ್ಲಿಸಬೇಕು.

ನಾನೂ ಬರೆದೆ. ಪೋಸ್ಟ್ ಆಫೀಸಿನಲ್ಲಿ ಲಕೋಟೆಯ ಹಿಂದೆ ಹಸಿರು ಕಾರ್ಡ್ ಅಂಟಿಸಿ ಕಳಿಸಿದೆ. ಊರಲ್ಲಿ ರಿಜಿಸ್ಟರ್ಡ್ ಪೋಸ್ಟಿಗೆ ಅಕ್ನಾಲೆಜ್ಮೆಂಟ್ ಹಚ್ಚುತ್ತಿದ್ದೆವಲ್ಲ, ಅದೇ ಥರ. ಸಹಿಯಾದ ಕಾರ್ಡ್ ವಾಪಸ್ ಬಂತು. ಆರು ವಾರ ಕಳೆದ ಮೇಲೆ ಒಂದು ಸಾಲಿನ ಪತ್ರ: ಈ ಖಾತೆಯನ್ನು ಮುಚ್ಚಿದ್ದೇವೆ. ಕಾರಣ ಹೇಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ.

ಅದೇ ಹೊತ್ತಿಗೆ ಹಾಸನದಲ್ಲಿ ನನ್ನ ಚಿಕ್ಕಮ್ಮನ ಮಗನಿಗೆ ಬೇರೆಯೇ ಥರದ್ದು ನಡೆಯುತ್ತಿತ್ತು. ಬೈಕಿನ ಸಾಲ. ಬೆಂಗಳೂರಿನ ಕೆಲಸ ಹೋಗಿ ಮೂರು ಕಂತು ತಪ್ಪಿತ್ತು. ಇಬ್ಬರು ಹುಡುಗರು ಬಂದು ಗೇಟಿನ ಹತ್ತಿರವೇ ನಿಂತು, ಒಳಗೆ ಬನ್ನಿ ಅಂದರೂ ಬರದೆ, ಬೀದಿಗೆಲ್ಲ ಕೇಳುವ ಹಾಗೆ ಅವನ ಹೆಸರು ಕೂಗಿದರಂತೆ. ಚಿಕ್ಕಮ್ಮ ಅಕ್ಕಿ ಆರಿಸುತ್ತಿದ್ದವರು ಮೊರ ಅಲ್ಲೇ ಇಟ್ಟು ಒಳಗೆ ಹೋದವರು ಸಂಜೆವರೆಗೂ ಹೊರಗೆ ಬರಲಿಲ್ಲ. ಅವನು ಫೋನಿನಲ್ಲಿ ಹೇಳಿದ: “ಅವ್ರು ದುಡ್ಡು ಕೇಳೋಕೆ ಬಂದಿದ್ದಲ್ಲ ಅಣ್ಣ. ಪಕ್ಕದ ಮನೆಯವ್ರಿಗೆ ಕೇಳ್ಸೋಕೆ ಬಂದಿದ್ದು.”

ತಮಾಷೆ ಏನು ಗೊತ್ತಾ, ಕಾಗದದ ಮೇಲೆ ಇಣುಕುವ ವಿಷಯದಲ್ಲಿ ನಮ್ಮ ದೇಶವೇ ಬಿಗಿ. ಅಲ್ಲಿ ಈ ಸಾಲದ ಲೆಕ್ಕ ಇಡುವ ಸಿಬಿಲ್ ಥರದ ಕಂಪನಿಗಳಿಗೆ 2005ರ ಕಾಯ್ದೆ ಇದೆ. ಬ್ಯಾಂಕು, ಫೈನಾನ್ಸ್ ಕಂಪನಿ ನೋಡಬಹುದು, ಗೇಟಿನ ಹತ್ತಿರ ನಿಂತ ಹುಡುಗ ತಾನಾಗಿ ತೆಗೆದು ನೋಡುವಂತಿಲ್ಲ. ಯಾರಾದರೂ ನಮ್ಮ ರಿಪೋರ್ಟ್ ನೋಡಿದರೆ ನಮಗೆ ಮೆಸೇಜ್ ಕಳಿಸಬೇಕು ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಹೇಳಿದೆ. ಅಮೆರಿಕದಲ್ಲಿ ನನಗಂತೂ ಅಂಥ ಮೆಸೇಜ್ ಬಂದಿರಲಿಲ್ಲ. ಗಡಿಯಾರದ ಲೆಕ್ಕದಲ್ಲೂ ನಮ್ಮದೇ ಮೇಲು. ಇಲ್ಲಿ ವಸೂಲಿಯವರು ಬೆಳಗ್ಗೆ ಎಂಟರಿಂದ ರಾತ್ರಿ ಒಂಬತ್ತರವರೆಗೆ ಫೋನ್ ಮಾಡಬಹುದು, ಅಲ್ಲಿ ಸಂಜೆ ಏಳಕ್ಕೇ ನಿಲ್ಲಿಸಬೇಕು. ಏಜೆಂಟ್ ಬಂದರೆ ಬ್ಯಾಂಕ್ ಕೊಟ್ಟ ಅಧಿಕಾರ ಪತ್ರ, ಗುರುತಿನ ಚೀಟಿ ಜೊತೆಗಿರಬೇಕು.

ಆದರೆ ಹುಡುಗನಿಗೆ ರಿಪೋರ್ಟ್ ಯಾಕೆ ಬೇಕು? ಸಾಲ ಕೊಡುವಾಗ ಬರೆಸಿಕೊಂಡ ಎರಡು ರೆಫರೆನ್ಸ್ ನಂಬರ್ ಇವೆ, ಮೂಲೆಯ ಅಂಗಡಿಯವರಿದ್ದಾರೆ. ನಮ್ಮಲ್ಲಿ ಬೀದಿಯೇ ಕ್ರೆಡಿಟ್ ರಿಪೋರ್ಟ್. ‘ಈ ಮನೆ ಅಡಮಾನದಲ್ಲಿದೆ’ ಎಂದು ಗೋಡೆಯ ಮೇಲೆ ಬಣ್ಣದಲ್ಲಿ ಬರೆದು ಹೋಗುವುದನ್ನು ನೀವೂ ಕಂಡಿರುತ್ತೀರಿ. ಸಂಘದ ಸಾಲದ ಕಾಟಕ್ಕೆ ಚಾಮರಾಜನಗರದ ಕಡೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ 2025ರ ಜನವರಿಯಲ್ಲಿ ದಿನಾ ಬರುತ್ತಿತ್ತು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಶಿಕ್ಷೆ ದೊಡ್ಡದೇ, ತಕರಾರಿಲ್ಲ. ಆದರೆ ಜೈಲಿನ ತನಕ ಹೋಗುವ ಕೇಸುಗಳಿಗಿಂತ ಗೇಟಿನ ಹತ್ತಿರ ಮುಗಿಯುವ ಅವಮಾನಗಳು ಸಾವಿರ ಪಟ್ಟು ಜಾಸ್ತಿ, ಅಲ್ವಾ? ಅಲ್ಲಿ ಕೆಲಸಕ್ಕೆ ಬರುವುದು ದೊಡ್ಡ ಶಿಕ್ಷೆಯಲ್ಲ, ಒಂದು ಕಾಗದ. ರಿಪೋರ್ಟಿಗೆ ಅಮೆರಿಕದವರು ನಮ್ಮ ಬೀಗ ಹಾಕಲಿ, ಗೋಡೆಗೆ ನಾವು ಅವರ ಬಿಳಿ ಲಕೋಟೆಯ ನಿಯಮ ತರೋಣ ಎನ್ನುವುದು ನನ್ನ ಆಸೆ.

ತಮ್ಮನಿಗೆ ಅಷ್ಟೇ ಹೇಳಿದೆ. ಮತ್ತೆ ಬಂದರೆ ಜಗಳ ಬೇಡ, ಅಧಿಕಾರ ಪತ್ರ ಕೇಳು, ಫೋಟೊ ತೆಗಿ, ಬ್ಯಾಂಕಿಗೆ ಇಮೇಲ್ ಮಾಡು. ಎರಡನೇ ಸಲ ಬಂದವರು ಪತ್ರ ಕೇಳಿದ್ದಕ್ಕೆ ಗಾಡಿಯಲ್ಲಿದೆ ತರ್ತೀವಿ ಅಂತ ಹೋದವರು ವಾಪಸ್ ಬರಲಿಲ್ಲವಂತೆ. ಆಮೇಲೆ ಅವನು ಬಡ್ಡಿ, ದಂಡ ಎಲ್ಲ ಸೇರಿಸಿ ಪೂರ್ತಿ ಕಟ್ಟಿದ, ಬಾಕಿಯಿಲ್ಲ ಎಂಬ ಎನ್‌ಒಸಿ ಪತ್ರ ತಗೊಂಡ. ನಾಲ್ಕು ತಿಂಗಳ ಮೇಲೆ ಸಿಬಿಲ್ ತೆಗೆದರೆ ‘ಸೆಟಲ್ಡ್’ ಅಂತ ಇತ್ತು. ‘ಕ್ಲೋಸ್ಡ್’ ಇರಬೇಕಿತ್ತು. ಸೆಟಲ್ಡ್ ಅಂದರೆ ಪೂರ್ತಿ ಕಟ್ಟದೆ ಚೌಕಾಸಿ ಮಾಡಿ ಮುಗಿಸಿದ ಗಿರಾಕಿ ಎಂದು ಲೆಕ್ಕ, ಮುಂದಿನ ಸಾಲಕ್ಕೆ ಕುತ್ತು.

ದೂರು ಹಾಕಿಸಿದೆ. 30 ದಿನದಲ್ಲಿ ಸರಿಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು, 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮ. ಮೊನ್ನೆ ಇಲ್ಲಿ ಬೆಳಗಾಗುವ ಮೊದಲೇ ಅವನ ಮೆಸೇಜ್ ಬಂದಿತ್ತು: “ಅಣ್ಣ, ಇವತ್ತಿಗೆ 32ನೇ ದಿನ. ಈಗ ಅವ್ರೇ ನಂಗೆ ಇನ್ನೂರು ರೂಪಾಯಿ ಬಾಕಿ. ಗೇಟ್ ಹತ್ರ ಹೋಗಿ ಕೂಗ್ಲಾ?”