ನಕ್ಷೆ ತಿದ್ದಿದ ಮೇಲೂ ಹಳೆಯ ಗೆರೆ ಉಳಿಯಬೇಕಾ? ಪರ-ವಿರೋಧ

ಪರ: ಅಳಿಸಿದ್ದೇನು ಅಂತ ಗೊತ್ತಿರಬೇಕು

ಸಕಲೇಶಪುರದ ಕಡೆ ಕಾಫಿ ತೋಟದೊಳಗಿನ ರಸ್ತೆಗಳು ಉಪಗ್ರಹದ ಚಿತ್ರದಲ್ಲಿ ಕಾಣುವುದೇ ಅಪರೂಪ. ಮೇಲೆ ಸಿಲ್ವರ್ ಓಕ್, ಕೆಳಗೆ ಕಾಫಿ. ಜೀಪು ಓಡಾಡುವ ದಾರಿಯೂ ಮೇಲಿಂದ ನೋಡಿದರೆ ಬರೀ ಹಸಿರು. ಎಲ್ಲೋ ದೂರದಲ್ಲಿ ಕೂತು ನಕ್ಷೆ ತಿದ್ದುವವನಿಗೆ 'ಇಲ್ಲಿ ರಸ್ತೆಯೇ ಇಲ್ಲವಲ್ಲ' ಅನ್ನಿಸುತ್ತದೆ. ಅಳಿಸಿಬಿಡುತ್ತಾನೆ. ಕೆಟ್ಟ ಬುದ್ಧಿಯಿಂದಲ್ಲ, ತಪ್ಪು ತಿದ್ದುತ್ತಿದ್ದೇನೆ ಅಂತಲೇ.

ನಾನೂ ಇದನ್ನೇ ಮಾಡಿದ್ದೇನೆ, ಅದೂ ನಮ್ಮೂರಿಗೇ. ಊರ ಕಾಲುದಾರಿಗಳನ್ನೆಲ್ಲ ನನ್ನ ಕಂಪ್ಯೂಟರ್‌ನಲ್ಲಿ ಒಂದು ಶೇಪ್‌ಫೈಲ್‌ಗೆ, ಅಂದರೆ ನಕ್ಷೆಯ ಗೆರೆಗಳನ್ನು ಇಡುವ ಫೈಲಿಗೆ, ಹಾಕಿಕೊಂಡಿದ್ದೆ. ಒಂದು ರಾತ್ರಿ ಕಸ ತೆಗೆಯಲು ಕೂತು, ಚಿತ್ರದಲ್ಲಿ ಕಾಣದ ಗೆರೆಗಳನ್ನೆಲ್ಲ ತೆಗೆದು ಸೇವ್ ಮಾಡಿದೆ. ಶೇಪ್‌ಫೈಲ್‌ಗೆ ನಿನ್ನೆಯ ನೆನಪಿರುವುದಿಲ್ಲ. ಬೇರೆ ಪ್ರತಿ ಇಟ್ಟಿರಲಿಲ್ಲ. ಜುಲೈ ಮಳೆಯಲ್ಲಿ ಇಂಬಳ ಕಚ್ಚಿಸಿಕೊಂಡು ಅದೇ ದಾರಿಗಳನ್ನು ಮತ್ತೆ ನಡೆದೆ. ಎರಡು ದಾರಿ ಕೊನೆಗೂ ಸಿಗಲಿಲ್ಲ, ಯಾಕೆಂದರೆ ಎಲ್ಲಿಂದ ಶುರುವಾಗುತ್ತಿದ್ದವು ಅಂತಲೇ ಮರೆತಿದ್ದೆ.

ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಆನ್‌ಲೈನ್ ನಕ್ಷೆಯಲ್ಲಿ ಇದೇ ತಪ್ಪು ಮಾಡಿದ್ದರೆ ಹತ್ತು ನಿಮಿಷದ ಕೆಲಸ. ಅಲ್ಲಿ ಪ್ರತಿ ಬಿಂದುವಿಗೂ ಗೆರೆಗೂ ವರ್ಷನ್ ನಂಬರ್ ಇರುತ್ತದೆ. ಅಳಿಸಿದರೆ ಅದೂ ಒಂದು ಹೊಸ ವರ್ಷನ್, ಹಿಂದಿನದು ಎಲ್ಲಿಗೂ ಹೋಗುವುದಿಲ್ಲ. 2009ರಿಂದ ತಿದ್ದುಪಡಿಗಳನ್ನು ಚೇಂಜ್‌ಸೆಟ್ ಅನ್ನುವ ಕಟ್ಟಾಗಿ ಕಳಿಸುತ್ತಾರೆ. ಏನು ಮಾಡಿದೆ, ಯಾಕೆ ಮಾಡಿದೆ ಅಂತ ಜೊತೆಗೊಂದು ಟಿಪ್ಪಣಿ ಬರೆಯಬಹುದು. ಎಡವಟ್ಟಾದರೆ ಇಡೀ ಕಟ್ಟನ್ನೇ ವಾಪಸ್ ತಿರುಗಿಸಬಹುದು.

ಜಮೀನಿನ ವಿಷಯದಲ್ಲಿ ಇದು ನಮಗೆ ಹೊಸದೇನಲ್ಲ. ಪಹಣಿಯಲ್ಲಿ ಹೆಸರು ಬದಲಾದರೆ ಹಿಂದೆ ಒಂದು ಮ್ಯುಟೇಷನ್ (ಖಾತೆ ಬದಲಾವಣೆ) ನಂಬರ್ ಇರಲೇಬೇಕು. ಇಲ್ಲದಿದ್ದರೆ ಯಾರು ಒಪ್ಪುತ್ತಾರೆ?

ಶಿರಾಡಿ ಘಾಟಿಯ ಹೆದ್ದಾರಿಯನ್ನೇ ನೋಡಿ. ಅದು ಮೊದಲು 48, ಈಗ 75. ಹಳೆಯ ನಂಬರ್ ಬಾಯಲ್ಲಿ ಉಳಿದವನು 75 ತಪ್ಪು ಅಂದುಕೊಂಡು ಮತ್ತೆ 48 ಮಾಡಬಹುದು. ಹಿಸ್ಟರಿ, ಅಂದರೆ ಹಿಂದಿನ ವರ್ಷನ್‌ಗಳ ಪಟ್ಟಿ, ತೆರೆದರೆ ಯಾವುದು ಹಿಂದಿನದು, ಯಾವುದು ಮುಂದಿನದು ಅಂತ ತಿಳಿಯುತ್ತದೆ. 2014ರ ನವೆಂಬರ್ 1ರಂದು ಅಧಿಕೃತವಾಗಿ 'ಚಿಕ್ಕಮಗಳೂರು' ಆದ ಊರಿನ ಇಂಗ್ಲಿಷ್ ಕಾಗುಣಿತಕ್ಕೂ ಇದೇ ಮಾತು.

ವಿರೋಧ: ಎಲ್ಲವನ್ನೂ ಎಲ್ಲ ಕಾಲಕ್ಕೂ ಯಾಕೆ?

ನಾನು ಚಿಕ್ಕಮಗಳೂರಿನವನು. ಬ್ಯಾಕಪ್ ಬೇಡ ಅನ್ನುವಷ್ಟು ದಡ್ಡನಲ್ಲ. ತಿಂಗಳಿಗೊಮ್ಮೆ ತಾರೀಖು ಹಾಕಿ ಒಂದು ಪ್ರತಿ ಇಡಿ, ಸಾಕು. ಮೇಲಿನವರ ಇಂಬಳದ ಕಥೆಗೆ ಅಷ್ಟೇ ಮದ್ದು. ಒಂದೊಂದು ಗೆರೆಯ ಒಂದೊಂದು ಸರಿದಾಟವನ್ನೂ, ತಿದ್ದಿದವರ ಹೆಸರು ಮತ್ತು ಹೊತ್ತಿನ ಸಮೇತ, ಜಗತ್ತಿಗೆಲ್ಲ ಕಾಣುವಂತೆ ಕಾಯಂ ಇಡುವುದು ಬೇರೆ ವಿಷಯ.

ಮೊದಲನೆಯದಾಗಿ, ಆ ಹಿಸ್ಟರಿ ನೀವು ಅಂದುಕೊಂಡಷ್ಟು ಹೇಳುವುದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ರಸ್ತೆ ಅಂದರೆ ಬಿಂದುಗಳ ಸಾಲು. ಬಿಂದುಗಳನ್ನಷ್ಟೇ ಎಳೆದು ಪಕ್ಕಕ್ಕೆ ಸರಿಸಿದರೆ ಅವುಗಳ ವರ್ಷನ್ ಏರುತ್ತದೆ, ರಸ್ತೆಯದ್ದು ಏರುವುದಿಲ್ಲ. ಇಡೀ ತಿರುವೇ ಬದಲಾಗಿದ್ದರೂ ರಸ್ತೆ 'ವರ್ಷನ್ 4' ಅಂತ ಸುಮ್ನೆ ಕೂತಿರುತ್ತದೆ. ರಸ್ತೆಯನ್ನು ಎರಡಾಗಿ ಕತ್ತರಿಸಿದರೆ ಹಳೆಯ ಹಿಸ್ಟರಿ ಒಂದು ತುಂಡಿಗೆ ಹೋಗುತ್ತದೆ. ಇನ್ನೊಂದು ತುಂಡು ನಿನ್ನೆ ಹುಟ್ಟಿದ ಮಗುವಿನಂತೆ ವರ್ಷನ್ 1. ಇನ್ನು ಟಿಪ್ಪಣಿ? 'ಅಪ್‌ಡೇಟ್' ಅಂತ ಒಂದೇ ಪದ ಬರೆದು ಕೈತೊಳೆದುಕೊಳ್ಳುವವರೇ ಜಾಸ್ತಿ.

ನಮ್ಮದೇ ಫೈಲನ್ನು ಗಿಟ್‌ಗೆ, ಅಂದರೆ ಫೈಲುಗಳ ಪ್ರತಿ ಬದಲಾವಣೆಯ ಲೆಕ್ಕ ಇಡುವ ತಂತ್ರಾಂಶಕ್ಕೆ, ಹಾಕಿದರೂ ಪೂರ್ತಿ ಸುಖವಿಲ್ಲ. ನಕ್ಷೆ ಇಡುವ ಇನ್ನೊಂದು ಬಗೆಯಾದ ಜಿಯೋಪ್ಯಾಕೇಜ್ ಒಂದೇ ಬೈನರಿ ಫೈಲ್, ಸಾಲು ಸಾಲಾಗಿ ಓದಲು ಬರುವ ಪಠ್ಯವಲ್ಲ. ಬದಲಾಗಿದೆ ಅಂತ ಗಿಟ್ ಹೇಳುತ್ತದೆ, ಯಾವ ಗೆರೆ ಅಂತ ಹೇಳುವುದಿಲ್ಲ.

ಪಹಣಿಯ ಹೋಲಿಕೆ ಚೆನ್ನಾಗಿದೆ, ಆದರೆ ಪೂರ್ತಿ ಹೊಂದುವುದಿಲ್ಲ. ಮ್ಯುಟೇಷನ್‌ಗೆ ಅರ್ಜಿಯೋ ನೋಂದಣಿ ಪತ್ರವೋ ಬೇಕು, ಸಾಮಾನ್ಯವಾಗಿ ನೋಟಿಸ್ ಬರುತ್ತದೆ, ತಕರಾರು ಹೇಳಲು ಸಮಯ ಇರುತ್ತದೆ. ನಕ್ಷೆಯಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು, ಬರೆದದ್ದು ಹಿಸ್ಟರಿಯಲ್ಲಿ ನಿಂತುಬಿಡುತ್ತದೆ.

ನನಗೆ ನಿಜವಾಗಿ ಚುಚ್ಚಿದ್ದು ಇದು. ಉತ್ಸಾಹದಲ್ಲಿ ಒಮ್ಮೆ, ಒಬ್ಬರೇ ಇರುವ ಅಜ್ಜಿಯೊಬ್ಬರ ಹೆಸರನ್ನೇ ಅವರ ಮನೆಯ ಹೆಸರು ಅಂತ ಹಾಕಿದ್ದೆ. ಅವರ ಮಗ ಫೋನ್ ಮಾಡಿದ. "ಏನು ಮಾರಾಯಾ, ಅಮ್ಮ ಒಬ್ಬಳೇ ಇರ್ತಾಳೆ ಅಂತ ಊರಿಗೆಲ್ಲ ಡಂಗುರ ಸಾರಿದ್ದೀಯಲ್ಲ?" ತಕ್ಷಣ ತೆಗೆದೆ. ನಕ್ಷೆಯಿಂದ ಹೋಯಿತು, ಹಿಂದಿನ ವರ್ಷನ್‌ನಲ್ಲಿ ಉಳಿಯಿತು. ಅದನ್ನು ಮುಚ್ಚುವ ಅಧಿಕಾರ ನನ್ನಂಥ ಸಾಮಾನ್ಯ ಸದಸ್ಯನಿಗಿಲ್ಲ, ಮಾಡರೇಟರುಗಳನ್ನೇ ಕೇಳಬೇಕು.

'ಮನೆಯ ಹೆಸರು ತೆಗೆದೆ' ಅಂತ ಟಿಪ್ಪಣಿ ಬೇರೆ ಬರೆದಿದ್ದೆ. ಹುಡುಕುವವನಿಗೆ ದಾರಿ ತೋರಿಸಿದ ಹಾಗಾಯಿತು, ಅಲ್ವಾ?