ವಗೈರೆಯೊಳಗಿನ ಹಂಡೆ

"ಚಿಕ್ಕಪ್ಪ, ನಾಳೆ ಸಂತೆಗೆ ಹೋಗ್ತೀರಲ್ಲ? ಕಾಚಂಪುಳಿ, ಜೇನು, ಏಲಕ್ಕಿ ಆಂಡ್ ಸ್ಟಫ್ ತಂದಿಟ್ಟಿರಿ" ಎಂದು ಬೆಂಗಳೂರಿನಿಂದ ಅಣ್ಣನ ಮಗ ಫೋನಿಟ್ಟ. ಮಡಿಕೇರಿಯ ಶುಕ್ರವಾರದ ಸಂತೆ, ಮೇಲೆ ಜುಲೈ ಮಳೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ, ಮೊಣಕಾಲಿನವರೆಗೆ ಪ್ಯಾಂಟು ಒದ್ದೆ. ಮೂರು ಸಾಮಾನು ಸಿಕ್ಕಿತು. ಈ ಸ್ಟಫ್ಪನ್ನು ಯಾವ ಅಂಗಡಿಯಲ್ಲಿ ಕೇಳುವುದು? ಮಳೆಗಾಲವಲ್ಲವೇ ಎಂದು ಊಹೆಯ ಮೇಲೆ ಕಣಿಲೆ ತಂದೆ. ಶನಿವಾರ ಬಂದವನು ಚೀಲ ಕೆದಕಿ ಮುಖ ಸಣ್ಣದು ಮಾಡಿಕೊಂಡ. ಸ್ಟಫ್ ಎಂದರೆ ಹೋಮ್‌ಮೇಡ್ ಚಾಕಲೇಟಂತೆ! ಅಷ್ಟು ಹೇಳಲು ಬಾಯಲ್ಲೇನು ಕಡುಬಿತ್ತೇ?

ಎಟ್ಸೆಟರಾ ಆದರೂ ವಾಸಿ. ಲ್ಯಾಟಿನ್ನಿನಲ್ಲಿ ಅದಕ್ಕೆ 'ಮತ್ತು ಉಳಿದವು' ಎಂಬ ಅರ್ಥವಿದೆ. ಉಳಿದದ್ದು ಏನೆಂದು ಹೇಳಿದವನಿಗಾದರೂ ಗೊತ್ತಿರುತ್ತದೆ. ಆಂಡ್ ಸ್ಟಫ್, ಆರ್ ಸಮ್‌ಥಿಂಗ್, ವಾಟೆವರ್‌ಗಳಿಗೆ ಆ ಜವಾಬ್ದಾರಿಯೂ ಇಲ್ಲ. ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ರಂದು, ಮದ್ದುಸೊಪ್ಪಿನಲ್ಲಿ 18 ಬಗೆಯ ಔಷಧ ಕೂಡಿರುತ್ತದೆ ಅನ್ನುತ್ತಾರೆ ಇಲ್ಲಿ. 'ಹದಿನೇಳು ಆಂಡ್ ಸ್ಟಫ್' ಎಂದವರನ್ನು ನಾನು ಕಂಡಿಲ್ಲ.

ಹಾಗಂತ ನಾವೇನು ಸಾಚಾಗಳಲ್ಲ. ಕಾಫಿ ಗೀಫಿ ಎನ್ನುತ್ತೇವೆ, ಮಳೆ ಗಿಳೆ ಎನ್ನುತ್ತೇವೆ. (ಗಿಣಿ ಸಾಕಿದವನ ಪಾಡು ಕಷ್ಟ, ಗಿಣಿ ಗಿಣಿ ಎಂದರೆ ಎರಡು ಗಿಣಿ ಆಗಿಬಿಡುತ್ತದೆ.) ಅರಬ್ಬಿಯಿಂದ ಉರ್ದು ಹಾದು ನಮ್ಮ ಕಾಗದಪತ್ರಗಳಲ್ಲಿ ಬಂದು ಕೂತ ವಗೈರೆಯಂತೂ ನಮ್ಮ ಮನೆಯನ್ನೇ ಮುರಿದಿದೆ.

1956. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ನಮ್ಮಜ್ಜ, ಅವರಣ್ಣ ಬೇರೆಯಾದರು. ಪಾಲುಪಟ್ಟಿ ಬರೆದ ಮಹಾಶಯರು ತೋಟ, ಗದ್ದೆ, ಎತ್ತು, ಏಣಿ, ಒನಕೆಯವರೆಗೆ ಒಂದೊಂದನ್ನೂ ಬಿಡಿಸಿ ಬರೆದು, ಕೈ ಸೋತಿತೋ ಊಟದ ಹೊತ್ತಾಯಿತೋ, 'ಅಡುಗೆಮನೆಯ ಪಾತ್ರೆ ವಗೈರೆ ಕಿರಿಯವರಿಗೆ' ಎಂದು ಮುಗಿಸಿಬಿಟ್ಟರು. ಬಚ್ಚಲಲ್ಲಿ ತಾಮ್ರದ ಹಂಡೆ ಇತ್ತು. ಆರು ಕೊಡ ನೀರು ಹಿಡಿಯುವಂಥದ್ದು, ಕಂಠದ ಹತ್ತಿರ ಒಂದು ನಗ್ಗು, ತಳದಲ್ಲಿ ಬೆರಳು ದಪ್ಪ ಮಸಿ. ಹಂಡೆ ಅಡುಗೆಮನೆಯದ್ದಲ್ಲ ಎಂದು ದೊಡ್ಡಜ್ಜ. ವಗೈರೆ ಅಂತ ಬರೆದಿದೆಯಲ್ಲ ಎಂದು ನಮ್ಮಜ್ಜ. ಆ ಮೂರಕ್ಷರದೊಳಗೆ ಅಷ್ಟು ದೊಡ್ಡ ಹಂಡೆ ಹಿಡಿಸುತ್ತದೆಯೇ ಎಂದು ಊರಿನ ಹಿರಿಯರು ಎರಡು ದಿನ ಕೂತು ಚರ್ಚಿಸಿದರು. ಹಿಡಿಸಿತು. ದೊಡ್ಡಜ್ಜ ಕೋರ್ಟಿಗೆ ಹೋಗಲಿಲ್ಲ, ಮಾತು ಬಿಟ್ಟರು. ಅಂಗಳದ ನಡುವೆ ಬೇಲಿ ಬಂತು. ಅಜ್ಜಿಯರಿಬ್ಬರು ಮಾತ್ರ ಬೇಲಿಯ ಮೇಲಿಂದ ಬಾಳೆಲೆ, ಕರಿಬೇವು ದಾಟಿಸಿಕೊಳ್ಳುತ್ತಿದ್ದರಂತೆ, ಒಬ್ಬರ ಮುಖ ಒಬ್ಬರು ನೋಡದೆ.

ಈಗ ನಮ್ಮಲ್ಲಿ ಗೀಸರಿದೆ. ಹಂಡೆ ಸೂರಿನಡಿ ಕೂತು ಮಳೆನೀರು ಹಿಡಿಯುತ್ತದೆ, ತರಗೆಲೆ ಬಿದ್ದು ಕೊಳೆಯುತ್ತದೆ. ಮುಚ್ಚಳ ಹಾಕಬಾರದೇ ಎಂದು ಅಣ್ಣನ ಮಗ ಕೇಳಿದ. ಮುಚ್ಚಳ ಬೇಲಿಯಾಚೆಯ ಮನೆಯಲ್ಲಿದೆ. ಅದೂ ವಗೈರೆಯೊಳಗೆ ಬರುತ್ತದೋ ಇಲ್ಲವೋ, ಇನ್ನೂ ತೀರ್ಮಾನವಾಗಿಲ್ಲ.